ನೀಟ್‌ ರ‍್ಯಾಂಕ್ ಬರದಿದ್ದರೆ ಬಯಾಲಜಿ ಓದಿದ್ದು ದಂಡವೇ?

"ನೀಟ್‌ನಲ್ಲಿ ರ‍್ಯಾಂಕ್ ಬರದಿದ್ದರೆ ಪಿಯುಸಿಯಲ್ಲಿ ಬಯಾಲಜಿ ಓದಿದ್ದೇ ದಂಡ." ಫಲಿತಾಂಶದ ದಿನಗಳಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತು ಓಡಾಡುತ್ತದೆ. ಇದು ನಿಜವಲ್ಲ.

ನೀಟ್ ಬೇಕಿರುವುದು ಮುಖ್ಯವಾಗಿ ಎಂಬಿಬಿಎಸ್, ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪತಿಯಂಥ ಕೋರ್ಸ್‌ಗಳಿಗೆ. ಕರ್ನಾಟಕದಲ್ಲಿ ಬಿಎಸ್ಸಿ ಕೃಷಿ, ತೋಟಗಾರಿಕೆ, ಅರಣ್ಯ, ರೇಷ್ಮೆ ಕೃಷಿ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ಮೂಲಕ ಹಂಚುತ್ತದೆ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಎಡವುವುದು ಇಲ್ಲೇ: ನೀಟ್ ಫಲಿತಾಂಶ ಬರುವ ಎಷ್ಟೋ ಮೊದಲೇ ಸಿಇಟಿ ಅರ್ಜಿಯ ಗಡುವು ಮುಗಿದಿರುತ್ತದೆ. "ಡಾಕ್ಟರ್ ಸೀಟು ಸಿಗದಿದ್ದರೆ ಆಮೇಲೆ ನೋಡೋಣ" ಎಂದು ಸಿಇಟಿ ಬಿಟ್ಟರೆ ಈ ದಾರಿಗೆ ಒಂದು ವರ್ಷ ಕಾಯಬೇಕಾಗುತ್ತದೆ.

ಪದವಿ ಕಾಲೇಜುಗಳ ಬಿಎಸ್ಸಿ ಸಸ್ಯಶಾಸ್ತ್ರಕ್ಕೂ ನೀಟ್ ಬೇಡ. ಅಲ್ಲಿ ಬರೀ ಗಿಡದ ಹೆಸರು ಉರುಹೊಡೆಸುತ್ತಾರೆ ಎಂದು ನಗುವವರಿದ್ದಾರೆ. ಆದರೆ ಹೂವಿನ ರಚನೆ, ಪರಾಗಸ್ಪರ್ಶ, ತಳಿಶಾಸ್ತ್ರ ಗೊತ್ತಿಲ್ಲದೆ ಹೊಸ ತಳಿ ಹುಟ್ಟುವುದಿಲ್ಲ. ನಮ್ಮ ರಾಗಿಯನ್ನೇ ನೋಡಿ. ಅದರ ಹೂವು ತೀರಾ ಚಿಕ್ಕದು, ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಹಾಗಾಗಿ ಎರಡು ತಳಿಗಳನ್ನು ಕೂಡಿಸುವುದು ಬಹಳ ನಾಜೂಕಿನ ಕೆಲಸ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್!

ಫಾರ್ವರ್ಡ್‌ ಮಾಡುವವರ ಆತಂಕದಲ್ಲಿ ಒಂದು ಅಂಶ ಒಪ್ಪತಕ್ಕದ್ದೇ. ಬರೀ ಸಸ್ಯಶಾಸ್ತ್ರದ ಬಿಎಸ್ಸಿಗೆ ನೇರ ಕೆಲಸ ಕಡಿಮೆ. ಹೈಸ್ಕೂಲ್ ಶಿಕ್ಷಕರಾಗಲು ಬಿಎಡ್, ಸಂಶೋಧನೆಗೆ ಎಂಎಸ್ಸಿ ಬೇಕು. ಹಾಗಾಗಿ ಸೇರುವಾಗಲೇ ಐದು ವರ್ಷದ ಓದಿನ ಖರ್ಚನ್ನು ಮನೆಯಲ್ಲಿ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.