ಹಂಪಿಯ ಕಲ್ಲುಗಳು ಕಾಪಾಡಿಕೊಂಡ ಸಂಸ್ಕೃತಿ

ಒಂದು ನಾಡಿನ ಸಂಸ್ಕೃತಿಯ ಜೀವಾಳವನ್ನು ಅರಿಯಬೇಕಾದರೆ ಎಲ್ಲಿ ಹುಡುಕಬೇಕು? ಯುದ್ಧಗಳ ಇಸವಿಗಳಲ್ಲೋ, ಅರಸರ ವಂಶಾವಳಿಗಳಲ್ಲೋ, ಅಥವಾ ಅಂದಿನ ಜನ ಕಟ್ಟಿದ ಕಟ್ಟಡ, ತೊಟ್ಟ ಉಡುಪು, ಆಡಿದ ಮಾತುಗಳಲ್ಲೋ? ಬಳ್ಳಾರಿಯ ವಿದ್ಯಾರ್ಥಿಗಳು ಇದಕ್ಕೆ ಉತ್ತರ ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿಹೋದರೂ ಹಂಪಿ ನಮಗೆ ಇಂದಿಗೂ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇದೆ.

ಹಂಪಿಯ ಇತಿಹಾಸವನ್ನು ಹೊರಜಗತ್ತಿಗೆ ತಿಳಿಸಿದವರು ನಮ್ಮ ಜಿಲ್ಲೆಯಲ್ಲೇ ಕಲೆಕ್ಟರ್ ಆಗಿದ್ದ ರಾಬರ್ಟ್ ಸೀವೆಲ್. 1900ರಲ್ಲಿ ಪ್ರಕಟವಾದ ಅವರ 'ಎ ಫರ್ಗಾಟನ್ ಎಂಪೈರ್' ಗ್ರಂಥದಲ್ಲಿ ಪೋರ್ಚುಗೀಸ್ ಪ್ರವಾಸಿಗಳಾದ ಪಾಯಸ್ ಮತ್ತು ನೂನಿಜರ ಬರಹಗಳ ಇಂಗ್ಲಿಷ್ ಅನುವಾದವಿದೆ. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅದೇ ಗ್ರಂಥ ವಿಜಯನಗರವನ್ನು ಮುಸ್ಲಿಮರ ಮುನ್ನಡೆಗೆ ಅಡ್ಡವಾಗಿ ಹಿಂದೂಗಳು ಕಟ್ಟಿದ ಗೋಡೆ ಎಂಬಂತೆ ಚಿತ್ರಿಸಿತು. ಆ ಚಿತ್ರವೇ ಮುಂದೆ ಪಠ್ಯಪುಸ್ತಕಗಳಲ್ಲಿ ಬೇರೂರಿತು. ಸಾಮ್ರಾಜ್ಯದ ಪತನದ ಕಥೆ ಬಳ್ಳಾರಿಯ ರಂಗಭೂಮಿಗೂ ಬಂದಿತು. ವಕೀಲರೂ ನಾಟಕಕಾರರೂ ಆಗಿದ್ದ ಕೋಲಾಚಲಂ ಶ್ರೀನಿವಾಸರಾಯರು ಅದನ್ನು ತೆಲುಗು ನಾಟಕವಾಗಿಸಿದರು; ಅದರಲ್ಲಿ ಪಠಾಣ ರುಸ್ತುಮನ ಪಾತ್ರ ವಹಿಸಿದವರು ನಟಶ್ರೇಷ್ಠ ಬಳ್ಳಾರಿ ರಾಘವರು. ಪುಸ್ತಕ, ರಂಗಭೂಮಿ ಎರಡೂ ಒಂದು ಕಾಲವನ್ನು ಹಿಡಿದಿಡುತ್ತವೆ, ನಿಜ. ಆದರೆ ಅವುಗಳಲ್ಲಿ ಬರೆದವರ ಕಾಲದ ಛಾಯೆಯೂ ಬೆರೆತಿರುತ್ತದೆ. ಹಾಗಾದರೆ ಆ ಕಾಲದವರೇ ಬರೆಸಿಟ್ಟದ್ದು ಏನು ಹೇಳುತ್ತದೆ?

ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ದಾರಿಯ ಪರಿಸರದಲ್ಲಿ ಒಂದು ಸರಳ ಮಂಟಪವಿದೆ. ಕಲ್ಲಿನ ಕಂಬಗಳು, ಚಪ್ಪಟೆ ಮಾಳಿಗೆ. ಗುಮ್ಮಟವಿಲ್ಲ, ಮಿನಾರಿಲ್ಲ, ಕಮಾನೂ ಇಲ್ಲ. ದೂರದಿಂದ ನೋಡಿದವರು ದೇವಾಲಯದ ಮಂಟಪವೆಂದೇ ಭಾವಿಸಬೇಕು. ಆದರೆ ಪಶ್ಚಿಮದ ಗೋಡೆಯಲ್ಲಿ ಮಿಹ್ರಾಬ್ ಇದೆ. ಅಲ್ಲಿರುವ 1439ರ ಕನ್ನಡ ಶಾಸನದ ಪ್ರಕಾರ, ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬಾತ ತನ್ನ ಅರಸನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದನು. ಶಾಸನ ಇದನ್ನು ಮಸೀದಿ ಎನ್ನುವುದಿಲ್ಲ, 'ಧರ್ಮಸಾಲೆ' ಎನ್ನುತ್ತದೆ.

ಈ ಒಂದು ಪದದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅಲ್ಲಾಹನಿಗೆ ಸಜ್ದಾ ಮಾಡುವ ಜಾಗವನ್ನು ಕಟ್ಟಿಸಿದವನು ಅದರ ಪುಣ್ಯವನ್ನು ಬೇರೆ ಧರ್ಮದ ದೊರೆಗೆ ಅರ್ಪಿಸಿದನು. ತನ್ನ ನಂಬಿಕೆಯ ಮನೆಗೆ ನಾಡಿನ ಜನರಿಗೆ ತಿಳಿಯುವ ಹೆಸರಿಟ್ಟನು. ನಾಡಿನ ನುಡಿಯಲ್ಲೇ ಬರೆಸಿದನು. ಗುಮ್ಮಟ ಕಟ್ಟಬಲ್ಲವರು ಸಿಗಲಿಲ್ಲವೆಂದು ಹೀಗೆ ಮಾಡಿದನೇ? ಪಕ್ಕದಲ್ಲೇ ಇರುವ ಗೋರಿಗೆ ಗುಮ್ಮಟವಿದೆ. ಆದ್ದರಿಂದ ಮಸೀದಿಗೆ ಮಂಟಪದ ರೂಪ ಬಂದದ್ದು ಅನಿವಾರ್ಯದಿಂದಲ್ಲ, ಆಯ್ಕೆಯಿಂದ ಎಂದೇ ನನ್ನ ತಿಳುವಳಿಕೆ.

ಅರಮನೆಯ ಕಡೆಗೆ ಬಂದರೆ ಇದು ತಿರುವುಮುರುವಾಗುತ್ತದೆ. ಕಮಲ ಮಹಲಿನಲ್ಲಿ ಕೆಳಗೆ ಸುಲ್ತಾನರ ಶೈಲಿಯ ಕಮಾನುಗಳು, ಮೇಲೆ ದೇವಾಲಯವನ್ನು ಹೋಲುವ ಶಿಖರಗಳು. ಗಜಶಾಲೆಯ ಮೇಲೆ ಸಾಲು ಗುಮ್ಮಟಗಳು. ಹಾಗೆಂದು ಎಲ್ಲವೂ ಬೆರೆತು ಒಂದೇ ಆಯಿತು ಎನ್ನುವುದೂ ತಪ್ಪು. ವಿರೂಪಾಕ್ಷ, ವಿಠ್ಠಲ ದೇವಾಲಯಗಳು ತಮ್ಮ ಸಂಪ್ರದಾಯವನ್ನು ಬಿಡಲಿಲ್ಲ. ಆರಾಧನೆಯಲ್ಲಿ ತಮ್ಮ ತಮ್ಮ ದಾರಿ, ಆಸ್ಥಾನದ ನಡೆನುಡಿಯಲ್ಲಿ ಕೊಡುಕೊಳ್ಳುವಿಕೆ.

ಉಡುಪಿನಲ್ಲೂ ಹೀಗೆಯೇ. ರಾಜಸಭೆಯಲ್ಲಿ ಧರಿಸುತ್ತಿದ್ದ ಕಬಾಯಿ ಅರಬ್ಬಿಯ 'ಕಬಾ'ದಿಂದ ಬಂದದ್ದು. ಎತ್ತರದ ಕುಲ್ಲಾಯಿ ಟೊಪ್ಪಿಗೆ ಪಾರಸಿಯ 'ಕುಲಾಹ್' ಮೂಲ. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯನ್ನು ನೋಡಿ: ದೇವರ ಮುಂದೆ ಬರಿಮೈಯಲ್ಲಿ ಕೈಮುಗಿದು ನಿಂತಿದ್ದಾನೆ, ತಲೆಯ ಮೇಲೆ ಮಾತ್ರ ಆ ಎತ್ತರದ ಟೊಪ್ಪಿಗೆ! ನಮ್ಮ ಅಜ್ಜಿಯಂದಿರು ಹಸುಗೂಸಿಗೆ ಹೊಲಿಯುವ ಕುಲಾವಿಯೂ ಈ ಪದದ ಬಳಗವೇ. ಅರಸರ ಬಿರುದುಗಳಲ್ಲೂ 14ನೇ ಶತಮಾನದಿಂದಲೇ 'ಹಿಂದೂರಾಯ ಸುರತ್ರಾಣ' ಎಂಬುದಿದೆ. ಸುರತ್ರಾಣ ಎಂದರೆ ಸುಲ್ತಾನ. ಶತ್ರುವೆಂದು ಮಾತ್ರ ಕಂಡವರ ಪದವಿಯನ್ನು ಯಾರಾದರೂ ತಮ್ಮ ಹೆಸರಿಗೆ ಜೋಡಿಸಿಕೊಳ್ಳುತ್ತಾರೆಯೇ?

ಹೊರಗಿನವರ ಸಾಕ್ಷ್ಯವೂ ಉಂಟು. ಹಿರಾತಿನ ಶಾರುಖನ ರಾಯಭಾರಿಯಾಗಿ 1443ರಲ್ಲಿ ಬಂದ ಅಬ್ದುಲ್ ರಜಾಕ್ ಈ ನಗರದ ಏಳು ಸುತ್ತಿನ ಕೋಟೆಯನ್ನೂ ಬಜಾರುಗಳನ್ನೂ ಕಂಡು ಬೆರಗಾಗಿ ಬರೆದನು. ಸುಮಾರು 1520ರಲ್ಲಿ ಬಂದ ಪಾಯಸ್, ನಗರದ ತುದಿಯಲ್ಲಿ ಮುಸ್ಲಿಮರ ಕೇರಿ ಇತ್ತೆಂದೂ, ಅವರಲ್ಲಿ ಅನೇಕರು ಇದೇ ನಾಡಿನವರೆಂದೂ, ದೊರೆಯ ಸಂಬಳ ಪಡೆದು ಕಾವಲು ಪಡೆಯಲ್ಲಿದ್ದರೆಂದೂ ದಾಖಲಿಸಿದ್ದಾನೆ. 'ಇದೇ ನಾಡಿನವರು' ಎಂಬ ಮಾತು ಒಬ್ಬ ಪರದೇಶಿಗೂ ಕಂಡಿತ್ತೆಂಬುದು ಗಮನಾರ್ಹ.

ಇದರಿಂದ 1565ರ ನೋವನ್ನು ಮರೆಮಾಚಬೇಕಿಲ್ಲ. ಜನವರಿಯಲ್ಲಿ ರಾಮರಾಯ ರಣರಂಗದಲ್ಲಿ ಮಡಿದ ಮೇಲೆ ಒಂದಾಗಿದ್ದ ಸುಲ್ತಾನರ ಸೈನ್ಯಗಳು ರಾಜಧಾನಿಗೆ ನುಗ್ಗಿದವು, ನಗರ ಹಾಳಾಯಿತು. ಆದರೆ ಆ ಕೂಟದಲ್ಲಿದ್ದ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ, ಪಟ್ಟಕ್ಕೇರುವ ಮುನ್ನ ಏಳು ವರ್ಷ ರಾಮರಾಯನ ಆಶ್ರಯದಲ್ಲಿ ಇದೇ ವಿಜಯನಗರದಲ್ಲಿ ಬಾಳಿದ್ದನು. ಅದಕ್ಕೂ ಮೊದಲು ರಾಮರಾಯನು ಒಬ್ಬ ಸುಲ್ತಾನನೊಂದಿಗೆ ಸೇರಿ ಇನ್ನೊಬ್ಬನ ಮೇಲೆ ದಂಡೆತ್ತಿ ಹೋದದ್ದುಂಟು. ಅದು ಅಧಿಕಾರಕ್ಕಾಗಿ ನಡೆದ, ನೆರೆಹೊರೆಯವರ ಕದನ. ಅದನ್ನು ಎರಡು ಧರ್ಮಗಳ ಯುದ್ಧವೆಂದು ಓದಿದರೆ ಈ ಏಳು ವರ್ಷಗಳನ್ನು ಎಲ್ಲಿಡುವುದು?

ವಿದ್ಯಾರ್ಥಿ ಮಿತ್ರರು ಮುಂದಿನ ಬಾರಿ ಹಂಪಿಗೆ ಪ್ರವಾಸ ಹೋದಾಗ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಈ ಧರ್ಮಸಾಲೆಯನ್ನೂ ಕೇಳಿ ಹುಡುಕಿ. ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುವುದು ಅಪರೂಪ, ಸ್ವಲ್ಪ ನಡೆಯಬೇಕಾದೀತು. ಜೊತೆಯಲ್ಲಿ ಹಳೆಗನ್ನಡ ಲಿಪಿ ಬಲ್ಲ ಒಬ್ಬ ಅಧ್ಯಾಪಕರಿದ್ದರೆ ಅಹಮದ್ ಖಾನನ ಸಾಲುಗಳನ್ನು ಅಲ್ಲೇ ನಿಂತು ಓದಿಸಿಕೊಳ್ಳಬಹುದು.