ಯಾವ ಶಿರೂರು? ಕರಾವಳಿಯ ಕ್ರಿಸ್‌ಮಸ್ಸಿನಲ್ಲಿ ಬಾಗಲಕೋಟೆಯವರು

ಮಂಗಳೂರಿನಲ್ಲಿ ‘ನಮ್ಮೂರು ಶಿರೂರು’ ಎಂದರೆ ಮರುಪ್ರಶ್ನೆ ತಪ್ಪಿದ್ದಲ್ಲ. ‘ಯಾವ ಶಿರೂರು ಮಾರ್ರೆ, ಬೈಂದೂರಿನ ಹತ್ತಿರದ್ದಾ?’ 2024ರ ಜುಲೈನಲ್ಲಿ ಅಂಕೋಲಾ ಕಡೆಯ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿತು: ‘ಅಯ್ಯೋ, ನಿಮ್ಮ ಮನೆಯವರೆಲ್ಲ ಆರಾಮಾ?’ ನಮ್ಮದು ಬಾಗಲಕೋಟೆಯ ಶಿರೂರು. ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಹಾದು ಘಟ್ಟ ಇಳಿಯುವ ರಾತ್ರಿ ಬಸ್ಸು ಆ ಎರಡೂ ಶಿರೂರುಗಳನ್ನು ದಾಟಿಯೇ ನಮ್ಮನ್ನು ಮಂಗಳೂರಿಗೆ ಮುಟ್ಟಿಸುತ್ತದೆ.

ಅಣ್ಣ ಅಲ್ಲಿಗೆ ಹೋಗಿ ಹದಿನೇಳು ವರ್ಷವಾಯಿತು. ಹಳೇ ಹಂಚಿನ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕೆ ಹೋದವನು ಈಗ ಸೆಂಟ್ರಿಂಗ್ ಮೇಸ್ತ್ರಿ. ಅವನ ಮಕ್ಕಳ ಶಾಲೆಯಲ್ಲಿ ದಸರಾ ರಜೆ ಕಡಿಮೆ ಮಾಡಿ, ಆ ದಿನಗಳನ್ನು ಕ್ರಿಸ್‌ಮಸ್ಸಿಗೆ ಕೊಡುತ್ತಾರೆ. ಹಾಗಾಗಿ ನಮ್ಮ ಮನೆತನ ಒಟ್ಟು ಸೇರುವುದು ದೀಪಾವಳಿಗೂ ಅಲ್ಲ, ಜಾತ್ರೆಗೂ ಅಲ್ಲ, ಕ್ರಿಸ್‌ಮಸ್ಸಿಗೆ. ಅಪ್ಪನೊಬ್ಬ ಬರುವುದಿಲ್ಲ. ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ, ಎಳ್ಳಮಾಸಿ ಎದುರಿಗಿರುತ್ತದೆ.

ನಮ್ಮೂರಲ್ಲಿ ಡಿಸೆಂಬರ್ ಎಂದರೆ ಬೆಳಿಗ್ಗೆ ರಗ್ಗು ಹೊದ್ದು ಬಿಸಿಲು ಕಾಯುವುದು. ಮಂಗಳೂರಿನಲ್ಲಿ ಇಳಿದ ಕೂಡಲೇ ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾಳೆ. ‘ಚಳಿಗಾಲದಾಗ ಫ್ಯಾನ್ ಹಚ್ಚೋ ಊರು ಇದು!’ ಆ ಬೆವರಿನಲ್ಲೇ ಓಣಿಯ ತುಂಬ ಕಾಗದದ ನಕ್ಷತ್ರ ತೂಗುತ್ತವೆ, ಅಂಗಳಗಳಲ್ಲಿ ಗೋದಲಿ ಏಳುತ್ತದೆ. ಪಕ್ಕದ ಮನೆಯ ನಿವೃತ್ತ ಟೀಚರ್ 24ರ ಸಂಜೆ ತಟ್ಟೆ ತುಂಬ ಕುಸ್ವಾರ್ ಕಳಿಸುತ್ತಾರೆ. ಮೊದಲ ವರ್ಷ ಅದರೊಳಗಿನ ನೆವ್ರಿ ಮುರಿದು ನೋಡಿ ಅವ್ವ ಅಂದಳು, ‘ಇದು ನಮ್ಮ ಕರ್ಚಿಕಾಯಿ ಅಲ್ಲೇನು!’ ಒಳಗೆ ಕೊಬ್ಬರಿ, ಎಳ್ಳು, ಸಕ್ಕರೆ. ಬರಿ ತಟ್ಟೆ ಹೇಗೆ ವಾಪಸು ಕೊಡುವುದೆಂದು ಅವ್ವ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಚಟ್ನಿ ಇಟ್ಟು ಕಳಿಸಿದಳು. ಆ ವಾಡಿಕೆ ಇನ್ನೂ ನಡೆದಿದೆ.

ಟೀಚರ್ ಒಮ್ಮೆ ಹೇಳಿದರು: ‘ನಾವೂ ಹೊರಗಿನಿಂದ ಬಂದವರೇ. ನೀವು ಹದಿನೇಳು ವರ್ಷ, ನಾವು ನಾಲ್ಕು ನೂರು ವರ್ಷ, ಅಷ್ಟೇ.’ ಆ ಮಾತು ತಲೆಯಲ್ಲಿ ಉಳಿಯಿತು. ಮಂಗಳೂರಿನ ಕೊಂಕಣಿ ಕ್ಯಾಥೋಲಿಕರ ಹಿರಿಯರು ಗೋವಾದಿಂದ ಬಂದವರು. 1560ರಲ್ಲಿ ಅಲ್ಲಿ ಶುರುವಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಕಾಟ, ಬರ, ಯುದ್ಧ ಎಲ್ಲವೂ ಸೇರಿ ಜನರನ್ನು ದಕ್ಷಿಣಕ್ಕೆ ತಳ್ಳಿದವು. ಬೇಸಾಯ ಬಲ್ಲ ಜನ ಎಂದು ಕೆಳದಿಯ ನಾಯಕರು ನೆಲೆ ಕೊಟ್ಟರು. 1680ರಲ್ಲಿ ಮಿಲಾಗ್ರಿಸ್ ಚರ್ಚ್ ಎದ್ದಿತು.

ಆಮೇಲೆ ಬಂದದ್ದು 1783. ಇಂಗ್ಲಿಷರ ಕೈಸೇರಿದ್ದ ಮಂಗಳೂರು ಕೋಟೆಗೆ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿತು. ಆ ವರ್ಷದ ಕ್ರಿಸ್‌ಮಸ್ ಮುತ್ತಿಗೆಯಲ್ಲೇ ಕಳೆಯಿತು. ಜನವರಿ ಕೊನೆಗೆ ಕೋಟೆ ಟಿಪ್ಪುವಿನದಾಯಿತು. ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬುದು ಅವನ ಆರೋಪ. 1784ರ ಫೆಬ್ರವರಿಯಲ್ಲಿ, ಉಪವಾಸ ಕಾಲದ ಮೊದಲ ದಿನವಾದ ಬೂದಿ ಬುಧವಾರ, ಸೆರೆ ಶುರುವಾಯಿತೆಂದು ಅವರ ಸಮುದಾಯ ನೆನೆಯುತ್ತದೆ. ಚರ್ಚುಗಳು ನೆಲಸಮವಾದವು, ಮಿಲಾಗ್ರಿಸ್ ಸಹ. ಹೆಂಗಸರು, ಮಕ್ಕಳು, ಮುದುಕರೆನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಒಂದೊಂದು ಪುಸ್ತಕ ಒಂದೊಂದು ಲೆಕ್ಕ ಕೊಡುತ್ತದೆ, 30 ಸಾವಿರದಿಂದ 60 ಸಾವಿರದವರೆಗೆ. ಅನೇಕರು ದಾರಿಯಲ್ಲೂ ಸೆರೆಯಲ್ಲೂ ಸತ್ತರು. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಉಳಿದವರಿಗೆ ಬಿಡುಗಡೆ. ನಡುವೆ 15 ಕ್ರಿಸ್‌ಮಸ್ ಹೋಗಿದ್ದವು. ಸೆರೆಯಲ್ಲಿ ಹುಟ್ಟಿ ಹದಿಹರೆಯಕ್ಕೆ ಬಂದ ಮಗುವಿಗೆ ‘ನಮ್ಮೂರು’ ಎಂದರೆ ಏನು ಕಂಡಿರಬಹುದು? ಕಡಲನ್ನೇ ನೋಡಿರದ ಮಕ್ಕಳನ್ನು ಕರೆದುಕೊಂಡು ಕಡಲೂರಿಗೆ ಮರಳಿದರು.

ಈ ಇತಿಹಾಸವನ್ನು ಇವತ್ತು ಕೆಲವರು ಭಾಷಣದಲ್ಲಿ ಕಲ್ಲಿನಂತೆ ಎಸೆಯುತ್ತಾರೆ, ಕೆಲವರು ನಡೆದೇ ಇಲ್ಲವೆನ್ನುತ್ತಾರೆ. ಘಟ್ಟ ಹತ್ತಿದ ಜನ ಇಬ್ಬರಿಗೂ ಬೇಕಾಗಿಲ್ಲ. ಅದೇ ಕಾಲದಲ್ಲಿ, 1786ರಲ್ಲಿ, ಮರಾಠರೂ ನಿಜಾಮನ ಸೈನ್ಯವೂ ಸೇರಿ ಟಿಪ್ಪುವಿನ ಕೈಲಿದ್ದ ನಮ್ಮ ಬಾದಾಮಿ ಕೋಟೆ ಹಿಡಿದವು. ಆ ಮುತ್ತಿಗೆಯಲ್ಲಿ ಸುತ್ತಲಿನ ರೈತರ ಪಾಡು ಏನಾಯಿತೆಂದು ಕೇಳುವ ಮನಸ್ಸು ನಮಗೂ ಈ ಕಥೆ ಕೇಳುವವರೆಗೆ ಬಂದಿರಲಿಲ್ಲ.

ಹಾಗೆಂದು ಕ್ರಿಸ್‌ಮಸ್ ನಮ್ಮ ಸೀಮೆಗೆ ಹೊಸದೇನಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ ಹತ್ತಿದರು. ಅಲ್ಲಿಂದ ಹುಬ್ಬಳ್ಳಿ, ಬೆಟಗೇರಿ, 1850ರ ದಶಕದಲ್ಲಿ ನಮ್ಮ ಮಗ್ಗುಲಿನ ಗುಳೇದಗುಡ್ಡ. ಖಣ ನೇಯುವ ಊರಿನಲ್ಲಿ ಕನ್ನಡದಲ್ಲೇ ಪ್ರಾರ್ಥನೆ, ಕನ್ನಡದಲ್ಲೇ ಹಾಡು. ಮಂಗಳೂರಿನಲ್ಲೂ ಅವರು ಮಗ್ಗ ಹಾಕಿದರು, ಹಂಚಿನ ಕಾರ್ಖಾನೆ ತೆರೆದರು. ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಆ ಹಂಚನ್ನೇ ನಮ್ಮಣ್ಣ ಇಳಿಸಿ, ಸ್ಲ್ಯಾಬ್ ಹಾಕುತ್ತಾ ಮಕ್ಕಳ ಫೀ ಕಟ್ಟಿದ್ದು. ಪತ್ರಿಕೋದ್ಯಮ ಓದಿದ ನಮಗೆಲ್ಲ ಜುಲೈ 1 ಬಾಯಿಪಾಠ: 1843ರ ಆ ದಿನ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದೂ ಮಿಶನ್ನಿನ ಮುದ್ರಣಾಲಯದಿಂದಲೇ. ಮರುವರ್ಷವೇ ಅದು ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಗೆ ಹೋಯಿತು. ಕನ್ನಡದ ಮೊದಲ ಪತ್ರಿಕೆಯೂ ಗುಳೆ ಎದ್ದದ್ದೇ! ಪತ್ರಿಕಾ ದಿನಾಚರಣೆಯಲ್ಲಿ ಶಾಲು ಹಾಕಿಸಿಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ.

2024ರ ಕ್ರಿಸ್‌ಮಸ್ಸಿನಲ್ಲಿ ಮನೆಯೊಳಗೆ ಒಂದು ಮಾತು ಬಿಗಿಯಾಯಿತು. ಅಣ್ಣನಿಗೆ ಊರಿನ ರೇಶನ್ ಕಾರ್ಡು, ಮತದಾರರ ಪಟ್ಟಿಯ ಹೆಸರು ಮಂಗಳೂರಿಗೆ ಬದಲಾಯಿಸುವ ವಿಚಾರ. ಅವ್ವ ಮಾತು ನಿಲ್ಲಿಸಿ ಒಲೆ ಕಡೆ ತಿರುಗಿದಳು. ಅಣ್ಣನ ಮಗಳು ತುಳು, ಕನ್ನಡ ಬೆರೆಸಿ, ‘ಅಜ್ಜಿ, ನಮ್ಮ ಊರು ಇದೇ ಅಲ್ವಾ?’ ಎಂದು ಕೇಳಿಬಿಟ್ಟಳು. ಬಾಗಲಕೋಟೆಯವರಿಗೆ ಇದು ಹಗುರಾದ ಪ್ರಶ್ನೆಯಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಅರ್ಧ ಊರು ಬಿಟ್ಟು ನವನಗರಕ್ಕೆ ಹೋದವರ ಬಳಗ ನಮ್ಮದು. ಯಾರೂ ಉತ್ತರ ಕೊಡಲಿಲ್ಲ. ಪಕ್ಕದ ಮನೆಯವರು ಮಧ್ಯರಾತ್ರಿಯ ಬಲಿಪೂಜೆಗೆ ಹೊರಟಾಗ ಆ ಹುಡುಗಿಯೂ ಗೆಳತಿಯ ಕೈ ಹಿಡಿದು ನಕ್ಷತ್ರ ನೋಡಲು ಹೋದಳು.

ಆ ಸಲ ಎಳ್ಳಮಾಸಿ ಡಿಸೆಂಬರ್ 30ಕ್ಕೆ ಬಿದ್ದಿತ್ತು. ಅಪ್ಪ ದಿನಾ ಫೋನ್: ‘ಚರಗಕ್ಕ ಬರ್ತೀರೋ ಇಲ್ಲೋ?’ ಕಡೆಗೆ 28ರ ರಾತ್ರಿ ಎಲ್ಲರೂ ಬಸ್ಸು ಹತ್ತಿದೆವು, ಅಣ್ಣನೂ ಮಕ್ಕಳೂ. ಟೀಚರ್ ಡಬ್ಬಿ ತುಂಬ ನೆವ್ರಿ ಕಟ್ಟಿಕೊಟ್ಟರು. ಅಮಾಸಿ ದಿನ ಹೊಲಕ್ಕೆ ಒಯ್ಯುವ ಬುಟ್ಟಿಯಲ್ಲಿ ಅವ್ವ ಕಡಬು, ಸಜ್ಜಿರೊಟ್ಟಿ, ಪುಂಡಿಪಲ್ಲೆಯ ಜೊತೆ ಅವನ್ನೂ ಇಟ್ಟಳು. ಅಪ್ಪ ಒಂದನ್ನು ಎತ್ತಿ ತಿರುಗಿಸಿ ನೋಡಿ, ‘ಕರ್ಚಿಕಾಯಿ ಭಾಳ ಸಣ್ಣ ಆಗ್ಯಾವಲ್ಲ ಈ ಸಲ’ ಅಂದ.