ಕತ್ತಲೆಯನ್ನು ಎಣಿಸುವ ಸೇವಂತಿಗೆ

ನರ್ಸರಿಯಿಂದ ತಂದಾಗ ಕುಂಡದ ಸೇವಂತಿಗೆ ಗೇಣುದ್ದವಿದ್ದರೂ ಮೈತುಂಬ ಹೂ ಹೊತ್ತಿರುತ್ತದೆ. ಅದೇ ಗಿಡ ಮರುವರ್ಷ ನಮ್ಮ ಬಾಲ್ಕನಿಯಲ್ಲಿ ಉದ್ದಕ್ಕೆ ಬೆಳೆದು, ಬರೀ ಎಲೆ ಬಿಟ್ಟು, ಮೊಗ್ಗು ಕಟ್ಟದೆ ನಿಲ್ಲುವುದುಂಟು. ಗೊಬ್ಬರ ಸಾಲಲಿಲ್ಲವೇನೋ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ತಪ್ಪು ಗೊಬ್ಬರದ್ದಲ್ಲ, ರಾತ್ರಿ ಅದರ ಮೇಲೆ ಬೀಳುವ ದೀಪದ್ದು. ಮನುಷ್ಯರಿಗೆ ಇದು ತಿಳಿದು ಇನ್ನೂ ನೂರು ವರ್ಷ ಚಿಲ್ಲರೆ.

ಸೇವಂತಿಗೆಯನ್ನು ಸಾಕಿದವರು ಚೀನಿಯರು. ಅಲ್ಲಿ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನದ ಹಬ್ಬಕ್ಕೆ ಇದೇ ಹೂ. ಶರದೃತುವಿನಲ್ಲಿ ಅರಳುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಏಕೆಂದು ಗೊತ್ತಿರಲಿಲ್ಲ. ಮುಂದೆ ಚೀನಾದ ಚಹಾ ಗಿಡಗಳನ್ನು ಭಾರತಕ್ಕೆ ಸಾಗಿಸಿದ ರಾಬರ್ಟ್ ಫಾರ್ಚೂನ್ 1846ರಲ್ಲಿ ಅಲ್ಲಿಂದ ಇಂಗ್ಲೆಂಡಿಗೆ ‘ಚೂಸಾನ್ ಡೈಸಿ’ ಎಂಬ ಪುಟ್ಟ ಹೂವಿನ ಸೇವಂತಿಗೆಯನ್ನು ತಂದ. ಫ್ರಾನ್ಸಿನ ತೋಟಗಾರರು ಅದರಿಂದ ಚೆಂಡಿನಂಥ ಹೂವಿನ ಪಾಂಪಾನ್ ತಳಿಗಳನ್ನು ಬೆಳೆಸಿದರು.

ಕಾರಣ ಸಿಕ್ಕಿದ್ದು ತಂಬಾಕಿನಲ್ಲಿ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್, ಬೇಸಿಗೆಯಲ್ಲಿ ಹೂ ಬಿಡದ ಒಂದು ತಂಬಾಕಿನ ತಳಿಯನ್ನು ದಿನದ ಕೆಲವು ಗಂಟೆ ಕತ್ತಲಲ್ಲಿಟ್ಟು ಹೂ ಬಿಡಿಸಿದರು. ಹೂವಿನ ಕಾಲ ಹಗಲಿನ ಉದ್ದಕ್ಕೆ ಕಟ್ಟುಬಿದ್ದಿದೆ ಎಂದು 1920ರಲ್ಲಿ ಪ್ರಕಟಿಸಿದರು. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಚೈಲಖ್ಯಾನ್ ಸೇವಂತಿಗೆಯನ್ನೇ ಹಿಡಿದು, ಈ ಲೆಕ್ಕ ಇಡುವುದು ಎಲೆ, ಮೊಗ್ಗು ಕಟ್ಟುವ ತುದಿಯಲ್ಲ ಎಂದು ತೋರಿಸಿದ.

ಇಂಥ ಗಿಡಗಳಿಗೆ ‘ಹ್ರಸ್ವದಿನ ಸಸ್ಯ’ ಎಂಬ ಹೆಸರು ಬಿತ್ತು. ಆದರೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಬೇರೊಂದು ಹ್ರಸ್ವದಿನ ಸಸ್ಯದ ರಾತ್ರಿಯ ನಡುವೆ ಕೊಂಚ ಹೊತ್ತು ಬೆಳಕು ಬಿಟ್ಟರು. ಹಗಲು ಕಿರಿದಾಗಿಯೇ ಇತ್ತು, ಹೂ ಬರಲಿಲ್ಲ. ಗಿಡ ಅಳೆಯುತ್ತಿದ್ದದ್ದು ಎಡೆಬಿಡದ ರಾತ್ರಿಯನ್ನು. ಅಂದರೆ ಇವು ‘ದೀರ್ಘರಾತ್ರಿ ಸಸ್ಯ’ಗಳು. ಹಳೆಯ ಹೆಸರು ಮಾತ್ರ ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡಿತು. ಅದನ್ನು ನಂಬಿದವರು ಹಗಲಿನ ಬಿಸಿಲನ್ನು ನೋಡುತ್ತಾರೆಯೇ ಹೊರತು ರಾತ್ರಿಯ ಟ್ಯೂಬ್‌ಲೈಟನ್ನಲ್ಲ.

ಬೆಳೆಗಾರರು ಈ ಗುಟ್ಟನ್ನು ಬೇಗ ಹಿಡಿದರು. ಹಸಿರುಮನೆಗೆ ಕಪ್ಪು ಬಟ್ಟೆ ಹೊದಿಸಿ ಬೇಕಾದಾಗ ಹೂ ಬಿಡಿಸಿದರು. ದೀಪ ಹಚ್ಚಿ ಬೇಡವಾದಾಗ ತಡೆದರು. ಚಿಕ್ಕಬಳ್ಳಾಪುರದ ಕಡೆಯ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಉರಿಯುವ ಸಾಲು ಬಲ್ಬುಗಳ ಕೆಲಸವೂ ಇದೇ. ಕುಂಡದ ಗಿಡವನ್ನು ಗಿಡ್ಡವಾಗಿಡಲು 1960ರ ದಶಕದಿಂದ ಬೆಳವಣಿಗೆ ತಡೆಯುವ ರಾಸಾಯನಿಕಗಳು ಬಂದವು. ನರ್ಸರಿಯ ಗೇಣುದ್ದದ ಗಿಡ ಮನೆಯಲ್ಲಿ ಉದ್ದವಾಗಲು ಅದೂ ಒಂದು ಕಾರಣ: ಮದ್ದಿನ ಪ್ರಭಾವ ಇಳಿದಿರುತ್ತದೆ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ ಬೇರೆ ದಾರಿ ಹಿಡಿದು, ತುದಿ ಚಿವುಟದೆ, ಊರೆಗೋಲಿಲ್ಲದೆ ತಾವಾಗಿಯೇ ಗುಂಡಗೆ ಬೆಳೆಯುವ ತಳಿಗಳನ್ನು ರೂಪಿಸಿತು.

ನಿಮ್ಮ ಕುಂಡದಲ್ಲಿರುವುದು ಅಂಥ ತಳಿಯಲ್ಲದಿದ್ದರೆ ಆಗಸ್ಟ್‌ವರೆಗೆ ತುದಿ ಚಿವುಟುತ್ತಿರಿ. ಸೆಪ್ಟೆಂಬರ್ ಕೊನೆಗೆ ರಾತ್ರಿ 12 ಗಂಟೆ ದಾಟಿ ಬೆಳೆಯತೊಡಗುತ್ತದೆ. ಆಗ ಬೀದಿದೀಪವಾಗಲಿ ಬಾಲ್ಕನಿಯ ದೀಪವಾಗಲಿ ತಾಗದ ಮೂಲೆಗೆ ಅದನ್ನು ಸರಿಸಿ, ಮೊಗ್ಗು ಕಾಣುವವರೆಗೆ ಅಲ್ಲೇ ಬಿಡಿ.